ಪ್ರಯೋಗಾಲಯದಲ್ಲಿ ಮೊಹರು ಮಾಡಿದ ವಿಕಿರಣ ಆಕರ ಸೋರಿದಾಗ ಅನುಸರಿಸಬೇಕಾದ ಕ್ರಮಗಳು

ಪೀಠಿಕೆ

ಮಣ್ಣಿನ ತೇವಾಂಶವನ್ನು ಆಳದವರೆಗೆ ಅಳೆಯಲು, ಹಣ್ಣು ತರಕಾರಿಗಳಲ್ಲಿ ಉಳಿದಿರುವ ಪೀಡೆನಾಶಕಗಳ ಶೇಷಾಂಶವನ್ನು ಪತ್ತೆಹಚ್ಚಲು, ಹೊಸ ತಳಿಗಳನ್ನು ಪಡೆಯುವ ಸಲುವಾಗಿ ಬೀಜಗಳನ್ನು ಗಾಮಾ ಕಿರಣಗಳಿಗೆ ಒಡ್ಡಲು ಕೃಷಿ ಸಂಶೋಧನಾ ಸಂಸ್ಥೆಗಳಲ್ಲಿ ವಿಕಿರಣಶೀಲ ವಸ್ತುಗಳನ್ನು ಹಲವು ದಶಕಗಳಿಂದ ಬಳಸಲಾಗುತ್ತಿದೆ. ಈ ವಸ್ತುಗಳು ಬಹುತೇಕ ಲೋಹದ ಕವಚದೊಳಗೆ ಭದ್ರವಾಗಿರುತ್ತವೆ. ಆದ್ದರಿಂದ ವರ್ಷಗಟ್ಟಲೆ ಅವುಗಳೊಡನೆ ಕೆಲಸ ಮಾಡಿದವರಿಗೂ ಕವಚ ಒಡೆದರೆ ಏನು ಮಾಡಬೇಕೆಂಬುದು ಅಭ್ಯಾಸದಲ್ಲಿರುವುದಿಲ್ಲ. ಅಂತಹ ಪ್ರಸಂಗ ಅಪರೂಪ. ಆದರೆ ಬಂದಾಗ ಮೊದಲ ಹತ್ತು ನಿಮಿಷಗಳಲ್ಲಿ ಮಾಡುವ ತಪ್ಪನ್ನು ಸರಿಪಡಿಸಲು ತಿಂಗಳುಗಳೇ ಬೇಕಾಗಬಹುದು. ಪ್ರಯೋಗಾಲಯದ ಸಿಬ್ಬಂದಿ, ಕೃಷಿ ವಿಜ್ಞಾನ ಕೇಂದ್ರಗಳ ಕಾರ್ಯಕರ್ತರು ಹಾಗೂ ತಮ್ಮ ಜಮೀನಿನಲ್ಲಿ ತೇವಾಂಶ ಮಾಪನದ ಪ್ರಯೋಗಗಳಿಗೆ ಅವಕಾಶ ನೀಡಿರುವ ರೈತ ಬಾಂಧವರು ತಿಳಿದಿರಬೇಕಾದ ವಿಷಯಗಳನ್ನು ಈ ಲೇಖನದಲ್ಲಿ ನೀಡಲಾಗಿದೆ.

ಯಾವ ಉಪಕರಣಗಳಲ್ಲಿ ಏನಿರುತ್ತದೆ?

ಕೃಷಿ ಪ್ರಯೋಗಾಲಯಗಳಲ್ಲಿ ಕಂಡುಬರುವ ಮೊಹರು ಮಾಡಿದ ಆಕರಗಳು ಮುಖ್ಯವಾಗಿ ಮೂರು ಬಗೆಯವು.

ಮೊದಲನೆಯದು ನ್ಯೂಟ್ರಾನ್ ತೇವಾಂಶ ಮಾಪಕ. ಇದರಲ್ಲಿ ಅಮೆರಿಸಿಯಂ-241 ಮತ್ತು ಬೆರಿಲಿಯಂ ಪುಡಿಗಳ ಮಿಶ್ರಣವನ್ನು ಒತ್ತಿ ಬಿಲ್ಲೆ ಮಾಡಿ, ಬೆಸುಗೆ ಹಾಕಿದ ತುಕ್ಕುರಹಿತ ಉಕ್ಕಿನ ಎರಡು ಪದರಗಳ ಕವಚದಲ್ಲಿ ಇಟ್ಟಿರುತ್ತಾರೆ. ಹೊಲದಲ್ಲಿ ನೆಟ್ಟ ಅಲ್ಯೂಮಿನಿಯಂ ಕೊಳವೆಯೊಳಗೆ ಇದನ್ನು ಇಳಿಬಿಟ್ಟಾಗ, ಹೊರಬೀಳುವ ವೇಗದ ನ್ಯೂಟ್ರಾನ್‌ಗಳು ಮಣ್ಣಿನ ನೀರಿನಲ್ಲಿರುವ ಜಲಜನಕಕ್ಕೆ ಡಿಕ್ಕಿ ಹೊಡೆದು ನಿಧಾನಗೊಳ್ಳುತ್ತವೆ. ಹೀಗೆ ನಿಧಾನಗೊಂಡು ಹಿಂದಿರುಗಿದ ನ್ಯೂಟ್ರಾನ್‌ಗಳ ಎಣಿಕೆಯಿಂದ ತೇವಾಂಶ ತಿಳಿಯುತ್ತದೆ. ಆಕರದ ಪ್ರಮಾಣ ಸಾಮಾನ್ಯವಾಗಿ 10ರಿಂದ 50 ಮಿಲಿಕ್ಯೂರಿ.

ಎರಡನೆಯದು ಗ್ಯಾಸ್ ಕ್ರೊಮ್ಯಾಟೊಗ್ರಾಫ್ ಯಂತ್ರದ ಎಲೆಕ್ಟ್ರಾನ್ ಕ್ಯಾಪ್ಚರ್ ಡಿಟೆಕ್ಟರ್. ಕ್ಲೋರಿನ್ ಹೊಂದಿರುವ ಪೀಡೆನಾಶಕಗಳ ಶೇಷಾಂಶ ಪತ್ತೆಗೆ ಇದು ಬಹು ಸೂಕ್ಷ್ಮವಾದ ಸಾಧನ. ಇದರ ಒಳಮೈಗೆ ನಿಕ್ಕಲ್-63 ಲೇಪಿಸಿರುತ್ತದೆ. ಇಲ್ಲಿ ಒಂದು ವಿಶೇಷವನ್ನು ಗಮನಿಸಬೇಕು. ನಿಕ್ಕಲ್-63 ಹೊರಸೂಸುವ ಬೀಟಾ ಕಣಗಳು ಎಷ್ಟು ದುರ್ಬಲವೆಂದರೆ ಅದರ ಮೇಲೆ ಕವಚ ಹಾಕಿದರೆ ಡಿಟೆಕ್ಟರ್ ಕೆಲಸವನ್ನೇ ಮಾಡುವುದಿಲ್ಲ. ಆದ್ದರಿಂದ ಲೇಪನದ ಮೇಲೆಯೇ ಅನಿಲ ಹಾದುಹೋಗುತ್ತದೆ. ಡಿಟೆಕ್ಟರಿನ ಹೊರಗಿನ ಲೋಹದ ಮೈಯೇ ಇಲ್ಲಿ ಮೊಹರು. ತಿರುಪು ಬಿಚ್ಚಿದರೆ ಮೊಹರು ಹೋಯಿತೆಂದೇ ಅರ್ಥ.

ಮೂರನೆಯದು ಗಾಮಾ ಚೇಂಬರ್. ಇದರಲ್ಲಿ ಕೋಬಾಲ್ಟ್-60 ಲೋಹದ ಕಡ್ಡಿಗಳು ದಪ್ಪನೆಯ ಸೀಸದ ಗೋಡೆಯ ನಡುವೆ ಇರುತ್ತವೆ. ಉಳಿದೆರಡು ಉಪಕರಣಗಳಿಗೆ ಹೋಲಿಸಿದರೆ ಇದರ ಪ್ರಮಾಣ ಸಾವಿರಾರು ಪಟ್ಟು ಹೆಚ್ಚು. ಆದರೆ ಕೋಬಾಲ್ಟ್ ಗಟ್ಟಿ ಲೋಹವಾದುದರಿಂದ ಸೋರಿಕೆಯ ಸಾಧ್ಯತೆ ಕಡಿಮೆ. ರೈತರಲ್ಲಿ ಕೆಲವರಿಗಿರುವ ಸಂದೇಹವೊಂದನ್ನು ಇಲ್ಲಿಯೇ ನಿವಾರಿಸುವುದು ಒಳಿತು. ಗಾಮಾ ಕಿರಣಗಳಿಗೆ ಒಡ್ಡಿದ ಬೀಜ ವಿಕಿರಣಶೀಲವಾಗುವುದಿಲ್ಲ. ಭಾಭಾ ಪರಮಾಣು ಸಂಶೋಧನಾ ಕೇಂದ್ರದಲ್ಲಿ ರೂಪುಗೊಂಡ ಟಿಎಜಿ-24 ಶೇಂಗಾ ತಳಿಯ ವಂಶದಲ್ಲಿ ವಿಕಿರಣದಿಂದ ಪಡೆದ ರೂಪಾಂತರಗಳಿವೆ. ಅದರ ಕಾಯಿಯಲ್ಲಿ ವಿಕಿರಣವಿಲ್ಲ.

ಕಿರಣ ತಾಗುವುದು ಬೇರೆ, ಪುಡಿ ಅಂಟುವುದು ಬೇರೆ

ಸೋರಿಕೆಯ ಪ್ರಸಂಗದಲ್ಲಿ ತಿಳಿದಿರಬೇಕಾದ ವಿಷಯಗಳಲ್ಲಿ ಇದಕ್ಕಿಂತ ಮುಖ್ಯವಾದುದಿಲ್ಲ. ಕವಚ ಭದ್ರವಾಗಿದ್ದಾಗ ಆಕರದಿಂದ ಹೊರಬರುವುದು ಕಿರಣ ಮಾತ್ರ. ದೂರ ಸರಿದರೆ ಅದು ಕಡಿಮೆಯಾಗುತ್ತದೆ, ಆಕರವನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಿದರೆ ತಗ್ಗುತ್ತದೆ. ಬಿಸಿಲಿನಿಂದ ನೆರಳಿಗೆ ಬಂದವನ ಮೈಮೇಲೆ ಬಿಸಿಲು ಉಳಿಯದಂತೆ ಈ ಕಿರಣವೂ ಉಳಿಯುವುದಿಲ್ಲ. ಆದರೆ ಕವಚ ಸೋರಿದಾಗ ಹೊರಬರುವುದು ವಿಕಿರಣಶೀಲ ವಸ್ತುವಿನ ಪುಡಿಯೇ. ಅದು ಬೆರಳಿಗೆ, ಬಾಗಿಲ ಹಿಡಿಗೆ, ಪಾದರಕ್ಷೆಗೆ ಅಂಟುತ್ತದೆ, ಗಾಳಿಗೆ ಏಳುತ್ತದೆ, ಉಸಿರಿನೊಂದಿಗೆ ಶ್ವಾಸಕೋಶ ಸೇರುತ್ತದೆ. ಅಲ್ಲಿಂದ ಮುಂದೆ ದೂರ ಸರಿಯುವುದೆಂಬ ಮಾತೇ ಇರುವುದಿಲ್ಲ.

ನ್ಯೂಟ್ರಾನ್ ಮಾಪಕವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. 50 ಮಿಲಿಕ್ಯೂರಿ ಆಕರದಿಂದ ಒಂದು ಮೀಟರ್ ದೂರದಲ್ಲಿ ನಿಂತವರಿಗೆ ನ್ಯೂಟ್ರಾನ್‌ಗಳಿಂದ ಗಂಟೆಗೆ ಸುಮಾರು ಒಂದು ಮೈಕ್ರೋಸೀವರ್ಟ್ ತಗಲುತ್ತದೆ. ವಿಕಿರಣ ಕಾರ್ಯಕರ್ತರಿಗೆ ನಮ್ಮ ದೇಶದಲ್ಲಿ ನಿಗದಿಯಾಗಿರುವ ಮಿತಿ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಅಂದರೆ 20,000 ಮೈಕ್ರೋಸೀವರ್ಟ್. ಯಾವುದೇ ಒಂದು ವರ್ಷದಲ್ಲಿ 30 ಮಿಲಿಸೀವರ್ಟ್ ಮೀರುವಂತಿಲ್ಲ. ಸಾರ್ವಜನಿಕರಿಗೆ ಈ ಮಿತಿ ವರ್ಷಕ್ಕೆ 1 ಮಿಲಿಸೀವರ್ಟ್. ಹೀಗಾಗಿ ಭದ್ರವಾದ ಮಾಪಕದ ಬಳಿ ಕೆಲ ಹೊತ್ತು ನಿಂತವರು ಗಾಬರಿಪಡಬೇಕಾದುದಿಲ್ಲ.

ಅದೇ ಮಾಪಕದೊಳಗಿರುವ ಅಮೆರಿಸಿಯಂನ ತೂಕ ಸುಮಾರು 15 ಮಿಲಿಗ್ರಾಂ. ಇದರ ಇಪ್ಪತ್ತೈದು ಲಕ್ಷದಲ್ಲಿ ಒಂದು ಭಾಗ ಉಸಿರಿನ ಮೂಲಕ ದೇಹ ಸೇರಿದರೂ ಕಾರ್ಯಕರ್ತರ ಒಂದು ವರ್ಷದ 20 ಮಿಲಿಸೀವರ್ಟ್ ಮಿತಿ ತುಂಬಿಬಿಡುತ್ತದೆ. ಕಣ್ಣಿಗೆ ಕಾಣದ, ವಾಸನೆಯಿಲ್ಲದ ಅಷ್ಟು ಅಲ್ಪ ಧೂಳು ಮೂಳೆ ಹಾಗೂ ಯಕೃತ್ತಿನಲ್ಲಿ ನೆಲೆಸಿ ದಶಕಗಳ ಕಾಲ ಅಲ್ಲಿಯೇ ಇರುತ್ತದೆ. ಆದುದರಿಂದ ಸೋರಿಕೆಯ ಸಂದರ್ಭದಲ್ಲಿ ನಮ್ಮ ಎಲ್ಲ ಕ್ರಮಗಳ ಗುರಿ ಒಂದೇ: ಪುಡಿ ಇದ್ದಲ್ಲಿಯೇ ಇರುವಂತೆ ನೋಡಿಕೊಳ್ಳುವುದು.

ಸೋರಿಕೆ ಏಕೆ ಉಂಟಾಗುತ್ತದೆ?

ಉಪಕರಣ ಎತ್ತರದಿಂದ ಬಿದ್ದು ಅಥವಾ ವಾಹನದಡಿ ಸಿಲುಕಿ ಜಜ್ಜಿಹೋಗುವುದು, ಬೆಂಕಿ ಅನಾಹುತ, ಆಮ್ಲ ಅಥವಾ ಲವಣಯುಕ್ತ ತೇವದಿಂದ ಕವಚ ಸವೆಯುವುದು, ಬೆಸುಗೆಯ ದೋಷ, ಇವು ಸಾಮಾನ್ಯ ಕಾರಣಗಳು. ಜಜ್ಜಿಹೋದ ಮಾಪಕಗಳಲ್ಲಿಯೂ ಒಳಗಿನ ಕವಚ ಉಳಿಯುವುದೇ ಹೆಚ್ಚು. ಆದರೆ ಪರೀಕ್ಷಿಸಿ ತಿಳಿಯುವವರೆಗೆ ಉಳಿದಿದೆಯೆಂದು ಭಾವಿಸಬಾರದು.

ವಯಸ್ಸು ಇನ್ನೊಂದು ಕಾರಣ. ಅಮೆರಿಸಿಯಂ-241ರ ಅರ್ಧಾಯುಷ್ಯ 432 ವರ್ಷ; ಅದನ್ನು ಹೊತ್ತ ಕವಚಕ್ಕೆ ತಯಾರಕರು ಸೂಚಿಸುವ ಬಳಕೆಯ ಅವಧಿಯೋ ಸಾಮಾನ್ಯವಾಗಿ ಹತ್ತು ಹದಿನೈದು ವರ್ಷ. ಒಳಗಿನ ವಸ್ತು ಆಲ್ಫಾ ಕಣಗಳನ್ನು ಸೂಸುತ್ತಿದ್ದಂತೆ ಹೀಲಿಯಂ ಅನಿಲ ಶೇಖರಗೊಂಡು ಒತ್ತಡ ಏರುತ್ತದೆ. ರೇಡಿಯಂ ಬಳಸಿದ ಹಳೆಯ ಕಾಲದ ಆಕರಗಳಲ್ಲಿ ಹೀಲಿಯಂ ಜೊತೆಗೆ ರೇಡಾನ್ ಅನಿಲವೂ ಸೇರಿಕೊಳ್ಳುತ್ತದೆ. ಅವು ಸೋರುವ ಸ್ವಭಾವಕ್ಕೆ ಹೆಸರಾದವು. ನಿಕ್ಕಲ್-63 ಡಿಟೆಕ್ಟರಿನ ವಿಷಯದಲ್ಲಿ ಅತಿಯಾದ ಶಾಖವೇ ವೈರಿ. ತಯಾರಕರು ನಿಗದಿಪಡಿಸಿದ, ಸಾಮಾನ್ಯವಾಗಿ 400 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಮಿತಿಯನ್ನು ಮೀರಬಾರದು. ಡಿಟೆಕ್ಟರಿನಿಂದ ಹೊರಬರುವ ಅನಿಲವನ್ನು ಕೊಳವೆಯ ಮೂಲಕ ಕಟ್ಟಡದ ಹೊರಗೆ ಬಿಡಬೇಕು. ಸಂಕೇತ ಸರಿಯಾಗಿ ಬರುತ್ತಿಲ್ಲವೆಂದು ಡಿಟೆಕ್ಟರ್ ಬಿಚ್ಚಿ ದ್ರಾವಕದಿಂದ ಉಜ್ಜಿ ತೊಳೆಯುವ ಉತ್ಸಾಹವನ್ನು ಯಾರೂ ತೋರಕೂಡದು. ಅದು ಅಧಿಕೃತ ತಂತ್ರಜ್ಞರ ಕೆಲಸ.

ಒರೆಸು ಪರೀಕ್ಷೆ

ಸೋರಿಕೆಯನ್ನು ಕಣ್ಣಿನಿಂದ ಕಂಡುಹಿಡಿಯಲಾಗದು. ಅದಕ್ಕಾಗಿ ಇರುವುದು ಒರೆಸು ಪರೀಕ್ಷೆ. ನೀರು ಅಥವಾ ಆಲ್ಕೋಹಾಲಿನಿಂದ ಒದ್ದೆ ಮಾಡಿದ ಶೋಧಕ ಕಾಗದದ ತುಂಡನ್ನು ಉದ್ದನೆಯ ಚಿಮಟದಲ್ಲಿ ಹಿಡಿದು, ಪುಡಿ ಸಂಗ್ರಹವಾಗಬಹುದಾದ ಜಾಗಗಳನ್ನು ಒರೆಸಿ, ಕಾಗದವನ್ನು ಪ್ರತ್ಯೇಕ ಪಾಲಿಥೀನ್ ಚೀಲದಲ್ಲಿ ಹಾಕಿ ಎಣಿಕೆಗೆ ಕಳುಹಿಸಲಾಗುತ್ತದೆ. ಆಕರವನ್ನೇ ನೇರವಾಗಿ ಮುಟ್ಟಿ ಒರೆಸಬೇಕಾಗಿಲ್ಲ. ನ್ಯೂಟ್ರಾನ್ ಮಾಪಕದಲ್ಲಿ ಆಕರ ಹೊರಬರುವ ಕವಚದ ಕೆಳಬಾಯಿ, ಗಾಮಾ ಚೇಂಬರಿನಲ್ಲಿ ಮಾದರಿ ಇಡುವ ಕೋಶದ ಒಳಮೈ, ಡಿಟೆಕ್ಟರಿನಲ್ಲಿ ಅನಿಲ ಹೊರಬೀಳುವ ತುದಿ ಮತ್ತು ಜೋಡಣೆಯ ಅಂಚುಗಳು ಇದಕ್ಕೆ ತಕ್ಕ ಸ್ಥಳಗಳು. ಒರೆಸಿದ ಕಾಗದದಲ್ಲಿ 200 ಬೆಕೆರಲ್ ಅಥವಾ ಅದಕ್ಕಿಂತ ಹೆಚ್ಚು ಕಂಡುಬಂದರೆ ಆಕರ ಸೋರುತ್ತಿದೆಯೆಂದು ಪರಿಗಣಿಸುವುದು ಅಂತರರಾಷ್ಟ್ರೀಯ ರೂಢಿ. ಬೆಕೆರಲ್ ಎಂದರೆ ಸೆಕೆಂಡಿಗೆ ಒಂದು ಪರಮಾಣುವಿನ ವಿಘಟನೆ. ಪರೀಕ್ಷೆಯನ್ನು ಅನುಮತಿಪತ್ರದಲ್ಲಿ ಹೇಳಿದ ಅವಧಿಗೊಮ್ಮೆ ಮಾಡಿಸಬೇಕು. ಉಪಕರಣ ಬಿದ್ದಾಗ, ಬೆಂಕಿ ತಗುಲಿದಾಗ, ನೀರಿನಲ್ಲಿ ಮುಳುಗಿದಾಗ ಅವಧಿಗಾಗಿ ಕಾಯದೆ ಮಾಡಿಸಬೇಕು.

ಇಲ್ಲಿ ಅನುಭವಿಗಳೂ ಎಡವುವ ಒಂದು ಅಂಶವಿದೆ. ಪ್ರಯೋಗಾಲಯದಲ್ಲಿರುವ ಸಾಮಾನ್ಯ ಗೈಗರ್ ಎಣಿಕೆ ಯಂತ್ರವನ್ನು ಹಿಡಿದು, ಅದು ಸದ್ದು ಮಾಡದಿದ್ದರೆ ಎಲ್ಲವೂ ಸ್ವಚ್ಛವಾಗಿದೆಯೆಂದು ತೀರ್ಮಾನಿಸುವುದು ತಪ್ಪು. ಅಮೆರಿಸಿಯಂನ ಆಲ್ಫಾ ಕಣಗಳನ್ನು ಒಂದು ಹಾಳೆ ಕಾಗದವೇ ತಡೆಯುತ್ತದೆ. ದಪ್ಪ ಗೋಡೆಯ ಗೈಗರ್ ನಳಿಕೆಯೊಳಗೆ ಅವು ಹೋಗಲಾರವು. ಅದಕ್ಕೆ ಆಲ್ಫಾ ಕಣಗಳಿಗೆಂದೇ ಇರುವ ಶೋಧಕ ಬೇಕು. ನಿಕ್ಕಲ್-63ರ ಬೀಟಾ ಕಣಗಳಿಗಂತೂ ಒರೆಸಿದ ಕಾಗದವನ್ನು ದ್ರವ ಸಿಂಟಿಲೇಷನ್ ಯಂತ್ರದಲ್ಲಿ ಎಣಿಸುವುದೇ ನೆಚ್ಚಬಹುದಾದ ಮಾರ್ಗ. ತಮ್ಮಲ್ಲಿರುವ ಆಕರಕ್ಕೆ ತಮ್ಮಲ್ಲಿರುವ ಯಂತ್ರ ಹೊಂದುತ್ತದೆಯೇ ಎಂಬುದನ್ನು ಪ್ರತಿ ಪ್ರಯೋಗಾಲಯವೂ ಇಂದೇ ನೋಡಿಕೊಳ್ಳಬೇಕು, ಸೋರಿಕೆಯ ದಿನವಲ್ಲ.

ಸಂಶಯ ಬಂದ ಕೂಡಲೇ

ಮೇಜಿನ ಮೇಲಿಂದ ಮಾಪಕ ಬಿದ್ದು ಅದರ ಕವಚ ಬಿರಿದಿದೆ ಎಂದು ಭಾವಿಸೋಣ. ಅಥವಾ ಒರೆಸು ಪರೀಕ್ಷೆಯ ವರದಿ ಮಿತಿಗಿಂತ ಹೆಚ್ಚೆಂದು ಬಂದಿದೆ. ಕೆಲಸವನ್ನು ಅಲ್ಲಿಯೇ ನಿಲ್ಲಿಸಿ, ಕೊಠಡಿಯಲ್ಲಿರುವ ಎಲ್ಲರಿಗೂ ಗಟ್ಟಿಯಾಗಿ ತಿಳಿಸಬೇಕು. ಯಾರಿಗಾದರೂ ಪ್ರಾಣಾಪಾಯದ ಗಾಯವಾಗಿದ್ದರೆ ಅವರ ಉಪಚಾರವೇ ಮೊದಲು; ಮೈಗೆ ಪುಡಿ ಅಂಟಿರಬಹುದೆಂಬ ಕಾರಣಕ್ಕೆ ಅದನ್ನು ತಡಮಾಡಬಾರದು. ಆಸ್ಪತ್ರೆಗೆ ಮುಂಚಿತವಾಗಿ ವಿಷಯ ತಿಳಿಸಿದರೆ ಸಾಕು.

ಬಿದ್ದುದನ್ನು ಎತ್ತಬಾರದು. ನಮ್ಮ ಕೈ ತಾನಾಗಿಯೇ ಅದರತ್ತ ಹೋಗುತ್ತದೆ, ಒಡೆದುದನ್ನು ಒಂದೆಡೆ ಸೇರಿಸಿ ಗುಡಿಸಿಬಿಡೋಣವೆಂದು ಮನಸ್ಸು ಹೇಳುತ್ತದೆ. ಎಲ್ಲ ಕಡೆ ಒಳ್ಳೆಯದಾದ ಈ ಅಭ್ಯಾಸ ಇಲ್ಲಿ ಮಾತ್ರ ಅಪಾಯಕಾರಿ. ಪೊರಕೆಯಿಂದ ಒಮ್ಮೆ ಗುಡಿಸಿದರೆ ಅಂಗೈಯಗಲದ ಜಾಗದಲ್ಲಿದ್ದ ಪುಡಿ ಕೊಠಡಿಯ ಗಾಳಿಯನ್ನೆಲ್ಲ ಸೇರುತ್ತದೆ. ವ್ಯಾಕ್ಯೂಮ್ ಕ್ಲೀನರ್ ಬಳಕೆ ಇನ್ನೂ ಕೆಟ್ಟದ್ದು. ಅದು ಹೀರಿದ ಸಣ್ಣ ಧೂಳನ್ನು ಹಿಂಬದಿಯಿಂದ ಹೊರಕ್ಕೆ ಊದುತ್ತದೆ. ಮುಟ್ಟದೆ ಸಾಧ್ಯವಾಗುವಂತಿದ್ದರೆ ಮಾತ್ರ ಒದ್ದೆ ಬಟ್ಟೆಯನ್ನೋ ಪ್ಲಾಸ್ಟಿಕ್ ಹಾಳೆಯನ್ನೋ ಮೆಲ್ಲಗೆ ಮೇಲೆ ಹೊದಿಸಿ ಹಿಂದೆ ಸರಿಯಬೇಕು.

ಹೊರಬರುವ ಮುನ್ನ ಫ್ಯಾನ್, ಹವಾನಿಯಂತ್ರಕ, ಗಾಳಿ ಹೊರಹಾಕುವ ಪಂಖ ಎಲ್ಲವನ್ನೂ ಆರಿಸಿ ಕಿಟಕಿಗಳನ್ನು ಮುಚ್ಚಬೇಕು. ಸೂಕ್ಷ್ಮ ಶೋಧಕವಿರುವ ಫ್ಯೂಮ್ ಹುಡ್ ಒಳಗೆ ಸೋರಿಕೆಯಾಗಿದ್ದರೆ ಅದನ್ನು ಚಾಲೂ ಇಡಬೇಕೋ ಬೇಡವೋ ಎಂಬುದನ್ನು ಸುರಕ್ಷತಾ ಅಧಿಕಾರಿ ಮೊದಲೇ ತೀರ್ಮಾನಿಸಿ ಹುಡ್ ಮೇಲೆ ಬರೆದು ಅಂಟಿಸಿರಬೇಕು. ಬಾಗಿಲ ಬಳಿ ಪಾದರಕ್ಷೆ ಹಾಗೂ ಮೇಲಂಗಿಯನ್ನು ಒಳಗೇ ಕಳಚಿಟ್ಟು, ಹೊರಗೆ ಹಾಸಿದ ಕಾಗದದ ಮೇಲೆ ಕಾಲಿಡುವುದು ಸೂಕ್ತ. ನಂತರ ಬಾಗಿಲಿಗೆ ಬೀಗ ಹಾಕಿ, ಕೆಳಗಿನ ಸಂದಿಗೆ ಟೇಪು ಅಂಟಿಸಿ, ಒಳಗೆ ಹೋಗಬಾರದೆಂಬ ಸೂಚನೆಯನ್ನು ಕನ್ನಡದಲ್ಲಿಯೂ ಬರೆದು ಹಚ್ಚಬೇಕು. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಮಾರ್ಗದರ್ಶನದ ಪ್ರಕಾರ ಕಟ್ಟಡದೊಳಗೆ ಆಕರ ಹಾನಿಗೊಂಡಾಗ ಆ ಕೊಠಡಿಯನ್ನಷ್ಟೇ ಅಲ್ಲದೆ ಪಕ್ಕದ ಕೊಠಡಿಗಳನ್ನೂ, ಮೇಲಿನ ಮತ್ತು ಕೆಳಗಿನ ಅಂತಸ್ತಿನ ಭಾಗಗಳನ್ನೂ ತೆರವುಗೊಳಿಸಬೇಕು. ಬಯಲಿನಲ್ಲಾದರೆ ಸುತ್ತ 30 ಮೀಟರ್.

ಹೊರಬಂದವರು ಚದುರಬಾರದು. ಇದನ್ನು ಪಾಲಿಸುವುದು ಎಲ್ಲಕ್ಕಿಂತ ಕಷ್ಟ. ಕ್ಯಾಂಟೀನಿಗೆ, ಬಸ್ಸಿಗೆ, ಮನೆಗೆ ಹೊರಡುವ ಆತುರ ಎಲ್ಲರಿಗೂ ಇರುತ್ತದೆ. ಸಮೀಪದ ಒಂದೇ ಜಾಗದಲ್ಲಿ ಎಲ್ಲರನ್ನೂ ನಿಲ್ಲಿಸಿ, ಹೆಸರು ಬರೆದುಕೊಳ್ಳಬೇಕು. ಆ ಹೊತ್ತಿಗೆ ಚಹಾ ತಂದುಕೊಟ್ಟು ಹೋದ ಹುಡುಗ, ಬೆಳಿಗ್ಗೆ ನೆಲ ಒರೆಸಿದ ಹೆಣ್ಣುಮಗಳು, ಮಣ್ಣಿನ ಮಾದರಿ ಕೊಡಲು ಬಂದ ರೈತ, ಇವರ ಹೆಸರುಗಳೂ ಪಟ್ಟಿಯಲ್ಲಿರಬೇಕು. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದವರೇ ಇಂತಹ ಪಟ್ಟಿಗಳಿಂದ ಬಿಟ್ಟುಹೋಗುವುದು. ಪರೀಕ್ಷೆ ಮುಗಿಯುವವರೆಗೆ ಯಾರೂ ತಿನ್ನಬಾರದು, ಕುಡಿಯಬಾರದು, ಬೀಡಿ ಸಿಗರೇಟು ಸೇದಬಾರದು, ಎಲೆ ಅಡಿಕೆ ಹಾಕಿಕೊಳ್ಳಬಾರದು.

ಈ ಮಧ್ಯೆ ಸಂಸ್ಥೆಯ ವಿಕಿರಣ ಸುರಕ್ಷತಾ ಅಧಿಕಾರಿಗೆ ಕರೆ ಮಾಡಬೇಕು. ಅವರು ಅಣುಶಕ್ತಿ ನಿಯಂತ್ರಣ ಮಂಡಳಿಗೆ ತಡವಿಲ್ಲದೆ ವರದಿ ಮಾಡಬೇಕು. ಇಬ್ಬರ ದೂರವಾಣಿ ಸಂಖ್ಯೆಗಳೂ ಪ್ರಯೋಗಾಲಯದ ಬಾಗಿಲಿನ ಹೊರಬದಿಯಲ್ಲಿ ಇರತಕ್ಕದ್ದು. ಒಳಗಿನ ಗೋಡೆಯ ಮೇಲಿನ ಸಂಖ್ಯೆಯನ್ನು ಓದಲು ಪುನಃ ಒಳಗೆ ಹೋಗುವಂತಾಗಬಾರದು.

ಮೈಗೆ ಅಂಟಿದ್ದರೆ

ಮೈಮೇಲೆ ಬಿದ್ದ ಪುಡಿಯ ಬಹುಭಾಗ ಹೊರ ಬಟ್ಟೆಗಳನ್ನು ಕಳಚಿದರೇ ಹೋಗುತ್ತದೆ. ಅಂಗಿಯನ್ನು ತಲೆಯ ಮೇಲಿಂದ ಎಳೆಯದೆ, ಗುಂಡಿ ಬಿಚ್ಚಿ, ಹೊರಮೈ ಒಳಗಾಗುವಂತೆ ಸುತ್ತುತ್ತ ತೆಗೆದು ಚೀಲದಲ್ಲಿ ಕಟ್ಟಿ ಹೆಸರು ಬರೆದಿಡಬೇಕು. ಅನಂತರ ಉಗುರು ಬೆಚ್ಚಗಿನ ನೀರು ಮತ್ತು ಸಾಧಾರಣ ಸಾಬೂನಿನಿಂದ ಮೃದುವಾಗಿ ತೊಳೆಯಬೇಕು. ಬಿಸಿನೀರು ಬೇಡ. ಗಟ್ಟಿ ಬ್ರಷ್, ತೆಂಗಿನ ನಾರು, ಕಲ್ಲಿನಿಂದ ಉಜ್ಜುವುದಂತೂ ಕೂಡದು. ಚರ್ಮ ತರಚಿದರೆ ಹೊರಗಿದ್ದುದಕ್ಕೆ ರಕ್ತದ ದಾರಿ ತೆರೆದಂತಾಗುತ್ತದೆ. ಕೂದಲನ್ನು ತಲೆ ಹಿಂದಕ್ಕೆ ಬಾಗಿಸಿ, ನೀರು ಕಣ್ಣು ಬಾಯಿಗೆ ಇಳಿಯದಂತೆ ತೊಳೆಯಬೇಕು. ಗಾಯವಿದ್ದರೆ ಹರಿಯುವ ನೀರಿನಲ್ಲಿ ತೊಳೆದು ಶುಭ್ರ ಬಟ್ಟೆಯಿಂದ ಮುಚ್ಚಬೇಕು. ಮೂಗು ಸೀನಿದ ಕಾಗದವನ್ನು ಎಸೆಯದೆ ಚೀಲದಲ್ಲಿಟ್ಟರೆ ಉಸಿರಿನೊಂದಿಗೆ ಪುಡಿ ಒಳಹೋಗಿದೆಯೇ ಎಂದು ತಿಳಿಯಲು ತಜ್ಞರಿಗೆ ನೆರವಾಗುತ್ತದೆ.

ದೇಹದೊಳಗೆ ಸೇರಿರುವ ಸಂಶಯವಿದ್ದರೆ ವೈದ್ಯರು ಮೂತ್ರ ಪರೀಕ್ಷೆ ಮಾಡಿಸುತ್ತಾರೆ. ಅಮೆರಿಸಿಯಂಗೆ ಡಿಟಿಪಿಎ, ಸೀಸಿಯಂಗೆ ಪ್ರಷ್ಯನ್ ಬ್ಲೂ ಎಂಬ ಔಷಧಗಳಿವೆ. ಬೇಗ ಆರಂಭಿಸಿದಷ್ಟೂ ಫಲ ಹೆಚ್ಚು. ಇವನ್ನು ಕೊಡುವ ನಿರ್ಧಾರ ತಜ್ಞ ವೈದ್ಯರದೇ. ವಿಕಿರಣವೆಂದರೆ ಅಯೋಡಿನ್ ಮಾತ್ರೆ ನುಂಗಬೇಕೆಂಬ ತಿಳಿವಳಿಕೆ ಹಲವರಲ್ಲಿದೆ. ಅದು ವಿಕಿರಣಶೀಲ ಅಯೋಡಿನ್‌ಗೆ ಮಾತ್ರ ಉಪಯುಕ್ತ, ಇಲ್ಲಿ ಹೇಳಿದ ಯಾವ ಆಕರಕ್ಕೂ ಅಲ್ಲ.

ಶುಚಿಗೊಳಿಸುವಿಕೆ

ಕೊಠಡಿಯ ಶುಚಿಕಾರ್ಯ ತರಬೇತಿ ಪಡೆದವರ ಕೆಲಸ. ಸುರಕ್ಷತಾ ಅಧಿಕಾರಿಯ ಮೇಲ್ವಿಚಾರಣೆಯಿಲ್ಲದೆ ಯಾರನ್ನೂ, ವಿಶೇಷವಾಗಿ ಗುತ್ತಿಗೆ ಸ್ವಚ್ಛತಾ ಸಿಬ್ಬಂದಿಯನ್ನು, ಒಳಗೆ ಕಳುಹಿಸಬಾರದು. ಮೊದಲು ಸೋರುವ ಆಕರವನ್ನು ದೂರದಿಂದ ಹಿಡಿಯುವ ಸಾಧನದಿಂದ ಎತ್ತಿ ಮುಚ್ಚಳವಿರುವ ಗಟ್ಟಿ ಡಬ್ಬಿಯಲ್ಲಿಟ್ಟು, ಅದನ್ನು ತಕ್ಕ ಕವಚದೊಳಗೆ ಸೇರಿಸುತ್ತಾರೆ. ಬಳಿಕ ನೆಲವನ್ನು ಕಡಿಮೆ ಮಾಲಿನ್ಯವಿರುವ ಅಂಚಿನಿಂದ ಹೆಚ್ಚಿರುವ ನಡುವಿನ ಕಡೆಗೆ ಒದ್ದೆ ಬಟ್ಟೆಯಿಂದ ಒರೆಸುತ್ತ ಬರುತ್ತಾರೆ. ಒಂದು ಬಟ್ಟೆಯಿಂದ ಒಂದೇ ಸಲ. ಬಳಸಿದ ಬಟ್ಟೆ, ಕೈಗವಸು, ನೀರು ಎಲ್ಲವೂ ವಿಕಿರಣಶೀಲ ತ್ಯಾಜ್ಯವೇ ಆಗಿರುತ್ತವೆ.

ಪುಡಿ ಹರಡಿಬಿಟ್ಟರೆ ಈ ಕೆಲಸ ಎಷ್ಟು ದೀರ್ಘವಾಗಬಹುದೆಂಬುದಕ್ಕೆ ಅಮೆರಿಕದ ಸಿಯಾಟಲ್ ನಗರದ ಪ್ರಕರಣವನ್ನು ನೋಡಬಹುದು. 2019ರ ಮೇ 2ರಂದು ಅಲ್ಲಿನ ಸಂಶೋಧನಾ ಕಟ್ಟಡವೊಂದರಿಂದ ಹಳೆಯ ಸೀಸಿಯಂ-137 ಆಕರವನ್ನು ಸಾಗಿಸಲು ಸಿದ್ಧಪಡಿಸುತ್ತಿದ್ದಾಗ, ಗುತ್ತಿಗೆದಾರರ ತಂಡ ಕತ್ತರಿಸುವ ಯಂತ್ರದಿಂದ ಕವಚವನ್ನೇ ಸೀಳಿಬಿಟ್ಟಿತು. ಹೊರಬಂದದ್ದು ಆಕರದ ಅತ್ಯಲ್ಪ ಭಾಗ. 13 ಮಂದಿಗೆ ಅಂಟಿದ ಪ್ರಮಾಣವೂ ಕಡಿಮೆಯೇ. ಆದರೂ ಪುಡಿ ಏಳು ಅಂತಸ್ತಿನ ಕಟ್ಟಡದೊಳಗೆ ಹರಡಿದ್ದರಿಂದ ಅಲ್ಲಿನ ಸಂಶೋಧನೆಗಳೆಲ್ಲ ಸ್ಥಗಿತಗೊಂಡು, ಕಟ್ಟಡವನ್ನು ಒಂದು ವರ್ಷಕ್ಕೂ ಹೆಚ್ಚು ಕಾಲ ಮುಚ್ಚಬೇಕಾಯಿತು. ಅನುಭವಿ ತಂತ್ರಜ್ಞರ ಕೈಯಲ್ಲಿಯೇ ಹೀಗಾಯಿತೆಂಬುದನ್ನು ಗಮನಿಸಬೇಕು.

ಹೊಲದಲ್ಲಿ ಮಾಪಕಕ್ಕೆ ಹಾನಿಯಾದಾಗ

ಪ್ರಯೋಗಾಲಯದ ಸೋರಿಕೆಗೆ ಹೊಲದಲ್ಲಿಯೇ ಬೀಜ ಬಿದ್ದಿರುವುದುಂಟು. ಕೊಳವೆಯೊಳಗೆ ಸಿಕ್ಕಿಕೊಂಡ ಶೋಧಕವನ್ನು ಹಾರೆ ಗುದ್ದಲಿಗಳಿಂದ ಅಗೆದು ತೆಗೆಯುವುದು, ಕೇಬಲನ್ನು ಬಲವಾಗಿ ಜಗ್ಗುವುದು, ಜಜ್ಜಿದ ಮಾಪಕವನ್ನು ಗೋಣಿಯಲ್ಲಿ ಕಟ್ಟಿ ಜೀಪಿನ ಹಿಂದೆ ಹಾಕಿಕೊಂಡು ಬರುವುದು, ಈ ಮೂರನ್ನೂ ಮಾಡಕೂಡದು. ಶೋಧಕ ಸಿಕ್ಕಿಕೊಂಡಿದ್ದರೆ ಕೊಳವೆಯ ಬಾಯಿ ಮುಚ್ಚಿ, ಸುತ್ತ ಕೋಲು ನೆಟ್ಟು ಹಗ್ಗ ಕಟ್ಟಿ, ಒಬ್ಬರು ದೂರದಲ್ಲಿ ಕಾವಲಿದ್ದು ಸಂಸ್ಥೆಗೆ ಸುದ್ದಿ ಮುಟ್ಟಿಸಬೇಕು. ಟ್ರ್ಯಾಕ್ಟರ್ ಹರಿದು ಮಾಪಕ ಜಜ್ಜಿದ್ದರೆ ಟ್ರ್ಯಾಕ್ಟರನ್ನು ಅಲ್ಲಿಯೇ ನಿಲ್ಲಿಸಿ ಚಾಲಕ ಇಳಿದು ದೂರ ಬರಬೇಕು. ಗಾಲಿಗೆ ಪುಡಿ ಅಂಟಿದ್ದರೆ ಮುಂದೆ ಓಡಿಸಿದಷ್ಟೂ ಹೊಲದುದ್ದಕ್ಕೂ ಅದನ್ನು ಬಿತ್ತಿದಂತಾಗುತ್ತದೆ. ದನ ಕರುಗಳನ್ನು ಆ ಕಡೆ ಬಿಡಬಾರದು, ನೀರು ಹಾಯಿಸಬಾರದು.

ತೇವಾಂಶ ಪ್ರಯೋಗಕ್ಕೆ ಜಮೀನು ಕೊಟ್ಟ ರೈತರು, ಮಾಪಕದಲ್ಲಿ ವಿಕಿರಣ ಆಕರವಿದೆಯೇ, ಹಾನಿಯಾದರೆ ಯಾರಿಗೆ ಕರೆ ಮಾಡಬೇಕು ಎಂದು ಸಿಬ್ಬಂದಿಯನ್ನು ಕೇಳಿ ಬರೆಸಿಕೊಳ್ಳುವುದು ತಕ್ಕದ್ದು. ಕೇಳುವ ಹಕ್ಕು ಅವರಿಗಿದೆ. ರಾತ್ರಿ ಮಾಪಕವನ್ನು ಪಂಪ್‌ಹೌಸಿನಲ್ಲಿಯೋ ಮನೆಯ ಪಡಸಾಲೆಯಲ್ಲಿಯೋ ಇಟ್ಟುಹೋಗುವುದಾಗಿ ಹೇಳಿದರೆ ಒಪ್ಪಬೇಕಾಗಿಲ್ಲ.

ಬಳಕೆಯಲ್ಲಿಲ್ಲದ ಆಕರಗಳು

ಬಳಕೆಯಲ್ಲಿರುವ ಉಪಕರಣವನ್ನು ಯಾರಾದರೂ ನೋಡಿಕೊಳ್ಳುತ್ತಿರುತ್ತಾರೆ. ಕೆಟ್ಟು ಮೂಲೆ ಸೇರಿದ ಉಪಕರಣವನ್ನು ಕೇಳುವವರಿಲ್ಲ. ತಂದ ಪ್ರಾಧ್ಯಾಪಕರು ನಿವೃತ್ತರಾಗಿರುತ್ತಾರೆ, ದಾಸ್ತಾನು ವಹಿಯಲ್ಲಿ ಅದು ಕೇವಲ ಒಂದು ಯಂತ್ರವೆಂದು ನಮೂದಾಗಿರುತ್ತದೆ, ಮೂರು ಎಸಳಿನ ವಿಕಿರಣ ಚಿಹ್ನೆಯ ಬಣ್ಣ ಮಾಸಿರುತ್ತದೆ.

ದೆಹಲಿ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದಲ್ಲಿ ಹಲವು ವರ್ಷ ಬಳಕೆಯಿಲ್ಲದೆ ಉಳಿದಿದ್ದ ಕೋಬಾಲ್ಟ್-60 ಗಾಮಾ ಕೋಶವೊಂದು 2010ರಲ್ಲಿ ಹರಾಜಿನ ಮೂಲಕ ಮಾಯಾಪುರಿಯ ಗುಜರಿ ಅಂಗಡಿಗಳನ್ನು ತಲುಪಿದ್ದು ಹೀಗೆಯೇ. ಅಲ್ಲಿ ಅದನ್ನು ಬಿಚ್ಚಿ ಕತ್ತರಿಸಲಾಯಿತು. ಹಲವರು ಆಸ್ಪತ್ರೆ ಸೇರಿದರು, ಒಬ್ಬ ಕಾರ್ಮಿಕ ಮೃತಪಟ್ಟ. ಅದಕ್ಕೂ ಮೊದಲು, 1987ರಲ್ಲಿ, ಬ್ರೆಜಿಲ್‌ನ ಗೋಯಾನಿಯಾ ನಗರದಲ್ಲಿ ತೊರೆದುಹೋದ ಚಿಕಿತ್ಸಾಲಯದ ಸೀಸಿಯಂ ಆಕರ ಗುಜರಿಯವರ ಕೈಸೇರಿತ್ತು. ಒಳಗಿದ್ದ ಪುಡಿ ಕತ್ತಲೆಯಲ್ಲಿ ನೀಲಿಯಾಗಿ ಹೊಳೆಯುತ್ತಿದ್ದುದರಿಂದ ಅದನ್ನು ಬಂಧುಬಳಗಕ್ಕೆ ಹಂಚಿದರು. ಪುಡಿ ಅಂಟಿದ ಕೈಯಲ್ಲಿ ಊಟ ಮಾಡಿದ ಆರು ವರ್ಷದ ಬಾಲಕಿ ಸೇರಿ ನಾಲ್ವರು ತೀರಿಕೊಂಡರು. 249 ಮಂದಿಯ ಮೈಮೇಲೆ ಅಥವಾ ದೇಹದೊಳಗೆ ಮಾಲಿನ್ಯ ಕಂಡುಬಂತು. ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಬೇಕಾಯಿತು.

ವಿಕಿರಣ ಆಕರವನ್ನು ಸಾಮಾನ್ಯ ಜಡವಸ್ತುವಿನಂತೆ ಹರಾಜು ಹಾಕಲು, ಬೇರೆ ಸಂಸ್ಥೆಗೆ ಹಸ್ತಾಂತರಿಸಲು, ಹೂಳಲು ಯಾವ ಅಧಿಕಾರಿಗೂ ಅವಕಾಶವಿಲ್ಲ. ಅಣುಶಕ್ತಿ ನಿಯಂತ್ರಣ ಮಂಡಳಿಯ ಅನುಮತಿ ಪಡೆದು, ಪೂರೈಸಿದ ಸಂಸ್ಥೆಗೆ ಅಥವಾ ಮಂಡಳಿ ಸೂಚಿಸಿದ ತ್ಯಾಜ್ಯ ನಿರ್ವಹಣಾ ಕೇಂದ್ರಕ್ಕೆ ಒಪ್ಪಿಸಿ ರಸೀತಿ ಪಡೆದು ಕಡತದಲ್ಲಿಡತಕ್ಕದ್ದು. ಸಾಗಿಸುವ ಮುನ್ನ ಒರೆಸು ಪರೀಕ್ಷೆ ಆಗಿರಬೇಕು. ದಾಸ್ತಾನು ಕೊಠಡಿ ತೆರವುಗೊಳಿಸುವಾಗ ವಿಕಿರಣ ಚಿಹ್ನೆಯಿರುವ, ಅಥವಾ ಗಾತ್ರಕ್ಕೆ ಮೀರಿ ಭಾರವಾಗಿರುವ ಯಾವುದೇ ಪೆಟ್ಟಿಗೆ ಕಂಡರೆ ಅದನ್ನು ತೆರೆಯದೆ, ಅಲುಗಿಸದೆ ಕೊಠಡಿಗೆ ಬೀಗ ಹಾಕಿ ಸುರಕ್ಷತಾ ಅಧಿಕಾರಿಗೆ ತಿಳಿಸಬೇಕು. ಆ ಹುದ್ದೆಯೇ ಖಾಲಿಯಿದ್ದರೆ ಸಂಸ್ಥೆಯ ಮುಖ್ಯಸ್ಥರು ನೇರವಾಗಿ ಮಂಡಳಿಗೆ ಬರೆಯಬೇಕು.